ರದ್ದು ಮಾಡಲಾಗದ ಟ್ರಸ್ಟ್‌ನಲ್ಲಿ ಮನೆ, ಜಮೀನು ಇಡುವುದು ಹೇಗೆ: ಮೊದಲ ತೀರ್ಮಾನದಿಂದ ಕೊನೆಯ ಹಸ್ತಾಂತರದವರೆಗೆ

ಈ ಕೆಲಸದಲ್ಲಿ ಜನ ಎಡವುವ ಜಾಗಗಳು ಹೆಚ್ಚುಕಮ್ಮಿ ಅವೇ. ಪತ್ರದ ತಲೆಬರಹದಲ್ಲಿ ‘ರದ್ದು ಮಾಡಲಾಗದ ಟ್ರಸ್ಟ್’ ಎಂದು ದಪ್ಪಕ್ಷರದಲ್ಲಿ ಬರೆಸುತ್ತಾರೆ. ಒಳಗಿನ ಯಾವುದೋ ಪುಟದಲ್ಲಿ ‘ಅಗತ್ಯ ಬಿದ್ದರೆ ಆಸ್ತಿಯನ್ನು ನಾನು ವಾಪಸ್ ಪಡೆಯಬಹುದು’ ಎಂಬ ಸಾಲು ಕೂತಿರುತ್ತದೆ. ಕೆಲವರ ಪತ್ರ ಚೆನ್ನಾಗಿಯೇ ಇರುತ್ತದೆ, ಆದರೆ ನೋಂದಣಿ ಆಗಿರುವುದಿಲ್ಲ. ಇನ್ನು ಕೆಲವರದ್ದು ನೋಂದಣಿಯೂ ಆಗಿರುತ್ತದೆ, ಬಾಡಿಗೆ ಮಾತ್ರ ಇವತ್ತಿಗೂ ಅಪ್ಪನ ಸ್ವಂತ ಬ್ಯಾಂಕ್ ಖಾತೆಗೇ ಬರುತ್ತಿರುತ್ತದೆ. ಈ ಮೂರರಲ್ಲಿ ಯಾವುದಾದರೂ ಮಕ್ಕಳಿಗೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ, ತೆರಿಗೆ ಲೆಕ್ಕವೂ ಕೆಡುತ್ತದೆ.

ಇಲ್ಲಿ ಹೇಳುತ್ತಿರುವುದು ನಮ್ಮ ದೇಶದ ಖಾಸಗಿ ಕುಟುಂಬ ಟ್ರಸ್ಟ್ ಬಗ್ಗೆ, ಅಂದರೆ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ ಕೆಳಗೆ ಬರುವ ಟ್ರಸ್ಟ್. ದೇವಸ್ಥಾನ, ಶಾಲೆ, ದಾನಧರ್ಮದ ಟ್ರಸ್ಟ್‌ಗಳಿಗೆ ನಿಯಮ ಬೇರೆ. ದಾಖಲೆ, ಕಚೇರಿಗಳ ವಿಷಯ ಬಂದಾಗ ಕರ್ನಾಟಕದ ಪದ್ಧತಿಯನ್ನು ಹೇಳಿದ್ದೇನೆ.

ಹಂತಗಳ ಕ್ರಮ ಮುಖ್ಯ. ಮೊದಲೇ ಪತ್ರ ಬರೆಸಿ ಆಮೇಲೆ ಯೋಚಿಸಲು ಕೂತರೆ ತಿದ್ದುವ ದಾರಿ ಇರುವುದಿಲ್ಲ. ರದ್ದು ಮಾಡಲಾಗದ್ದು ಅಂದ ಮೇಲೆ ಮುಗಿಯಿತು, ಅಲ್ವಾ?

## ಶುರು ಮಾಡುವ ಮೊದಲು: ಯಾರು ಯಾರು, ಏನೇನು ಬೇಕು

ಟ್ರಸ್ಟ್‌ನಲ್ಲಿ ಮೂರು ಪಾತ್ರಗಳು. ಆಸ್ತಿ ಕೊಡುವವರು ಸೆಟ್ಲರ್. ಆಸ್ತಿಯನ್ನು ತಮ್ಮ ಹೆಸರಿನಲ್ಲಿ ಹಿಡಿದುಕೊಂಡು ನೋಡಿಕೊಳ್ಳುವವರು ಟ್ರಸ್ಟಿ. ಅದರ ಲಾಭ ಪಡೆಯುವವರು ಫಲಾನುಭವಿ.

ಟ್ರಸ್ಟ್ ಎಂಬುದು ಕಂಪನಿಯ ಹಾಗೆ ಸ್ವತಂತ್ರ ವ್ಯಕ್ತಿ ಅಲ್ಲ. ಕಾನೂನಿನ ಕಣ್ಣಲ್ಲಿ ಆಸ್ತಿಯ ಮಾಲೀಕರು ಟ್ರಸ್ಟಿಗಳು, ಆದರೆ ಆ ಮಾಲೀಕತ್ವ ಅವರ ಸ್ವಂತಕ್ಕಲ್ಲ. ಹಾಗಾಗಿ ಖಾತೆ, ಒಪ್ಪಂದ, ಕೋರ್ಟ್ ಕೇಸ್ ಎಲ್ಲದರಲ್ಲೂ ‘ಇಂಥ ಟ್ರಸ್ಟ್‌ನ ಟ್ರಸ್ಟಿ’ ಎಂದು ಟ್ರಸ್ಟಿಗಳ ಹೆಸರು ಬರಬೇಕು.

ಕೈಯಲ್ಲಿ ಇರಬೇಕಾದ ಕಾಗದಗಳು ಇವು: ಆಸ್ತಿಯ ಮೂಲ ಪತ್ರಗಳು, ಇಸಿ (ಋಣಭಾರ ಪ್ರಮಾಣಪತ್ರ), ಖಾತಾ ಅಥವಾ ಪಹಣಿ, ಕಂದಾಯ ಕಟ್ಟಿದ ರಸೀದಿ, ವಂಶವೃಕ್ಷ, ಎಲ್ಲರ ಆಧಾರ್ ಮತ್ತು ಪ್ಯಾನ್. ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ). ಜೊತೆಗೆ ಇಬ್ಬರು ಬೇಕು, ಟ್ರಸ್ಟ್ ಪತ್ರ ಬರೆದು ಅನುಭವವಿರುವ ವಕೀಲರು ಮತ್ತು ಒಬ್ಬ ಚಾರ್ಟರ್ಡ್ ಅಕೌಂಟೆಂಟ್. ಇಬ್ಬರೂ ಒಂದೇ ಕರಡನ್ನು ಓದಬೇಕು. ವಕೀಲರು ಸರಿ ಎಂದ ಸಾಲು ತೆರಿಗೆ ಲೆಕ್ಕದಲ್ಲಿ ಮುಳುವಾಗಬಹುದು.

## ಹಂತ 1: ಕೈ ಬಿಡಲು ನಿಜವಾಗಿ ತಯಾರಿದ್ದೀರಾ ಎಂದು ತೀರ್ಮಾನಿಸಿ

ಬಹಳ ಜನರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಬದುಕಿರುವಾಗಲೇ ಪತ್ರದ ಮೂಲಕ ಮಾಡುವ ಟ್ರಸ್ಟ್ ನಮ್ಮ ಕಾನೂನಿನಲ್ಲಿ ಸಹಜವಾಗಿಯೇ ರದ್ದು ಮಾಡಲಾಗದ್ದು. ಟ್ರಸ್ಟ್ ಕಾಯ್ದೆಯ ಸೆಕ್ಷನ್ 78ರ ಪ್ರಕಾರ ಅದನ್ನು ರದ್ದು ಮಾಡಲು ಮುಖ್ಯವಾಗಿ ಎರಡೇ ದಾರಿ. ಒಂದು, ರದ್ದು ಮಾಡುವ ಅಧಿಕಾರವನ್ನು ಸೆಟ್ಲರ್ ಪತ್ರದಲ್ಲೇ ಸ್ಪಷ್ಟವಾಗಿ ಉಳಿಸಿಕೊಂಡಿರಬೇಕು. ಎರಡು, ಎಲ್ಲ ಫಲಾನುಭವಿಗಳೂ ವಯಸ್ಕರಾಗಿ, ಕರಾರು ಮಾಡಿಕೊಳ್ಳಲು ಅರ್ಹರಾಗಿ, ಎಲ್ಲರೂ ಒಪ್ಪಬೇಕು. ಇದು ಬಿಟ್ಟರೆ, ಸಾಲ ತೀರಿಸಲೆಂದು ಮಾಡಿ ಸಾಲ ಕೊಟ್ಟವರಿಗೆ ಇನ್ನೂ ತಿಳಿಸದ ಟ್ರಸ್ಟ್‌ಗೆ ಒಂದು ವಿನಾಯಿತಿ ಇದೆ. ಕುಟುಂಬದ ಟ್ರಸ್ಟ್‌ಗೆ ಅದು ಸಂಬಂಧಿಸಿದ್ದಲ್ಲ.

ಆದ್ದರಿಂದ ‘ಮುಂದೆ ಮನಸ್ಸು ಬದಲಾದರೆ ನೋಡೋಣ’ ಎಂದುಕೊಂಡು ಸಹಿ ಹಾಕಬೇಡಿ. ಮಗನ ಜೊತೆ ಮನಸ್ತಾಪ ಬಂದರೂ, ವ್ಯಾಪಾರಕ್ಕೆ ದುಡ್ಡು ಬೇಕಾದರೂ, ಚಿಕಿತ್ಸೆಗೆ ಹಣ ಸಾಲದಿದ್ದರೂ ಆ ಆಸ್ತಿ ನಿಮ್ಮದಲ್ಲ. ನಿಮ್ಮ ಮುಂದಿನ ಜೀವನಕ್ಕೆ, ಆಸ್ಪತ್ರೆ ಖರ್ಚಿಗೆ ಸಾಕಾಗುವಷ್ಟು ಬೇರೆಯಾಗಿ ಇದೆಯಾ ಎಂದು ಮೊದಲು ಲೆಕ್ಕ ಹಾಕಿ. ಇಲ್ಲ ಅನ್ನಿಸಿದರೆ ಇಲ್ಲಿಗೇ ನಿಲ್ಲಿಸಿ. ಮಕ್ಕಳಿಗೆ ಒಳ್ಳೆಯದು ಮಾಡುವ ಭರದಲ್ಲಿ ಹಿರಿಯರು ಬರಿಗೈ ಆಗುವುದು ಯಾರಿಗೂ ಒಳ್ಳೆಯದಲ್ಲ.

ಹಾಗೆ ನಿಲ್ಲಿಸಿದವರಿಗೆ ಬೇರೆ ದಾರಿಗಳಿವೆ. ಉಯಿಲಿನ ಮೂಲಕವೂ ಟ್ರಸ್ಟ್ ಮಾಡಬಹುದು. ಅದು ನಿಮ್ಮ ನಂತರ ಜಾರಿಗೆ ಬರುತ್ತದೆ, ಅಲ್ಲಿಯವರೆಗೆ ಯಾವಾಗ ಬೇಕಾದರೂ ಬದಲಾಯಿಸಬಹುದು.

ಹಾಗಾದರೆ ಬದುಕಿರುವಾಗಲೇ ಮಾಡುವ ಟ್ರಸ್ಟ್ ಯಾರಿಗೆ ಬೇಕು? ತನ್ನ ವ್ಯವಹಾರ ತಾನೇ ನೋಡಿಕೊಳ್ಳಲಾಗದ ಮಗು ಇರುವವರಿಗೆ ಬೇಕು. ಚಿಕ್ಕ ಮಕ್ಕಳಿದ್ದು, ಆಸ್ತಿ ನೋಡಿಕೊಳ್ಳಲು ನಂಬಿಕೆಯ ಕೈ ಬೇಕಾದವರಿಗೆ ಬೇಕು. ಒಂದೇ ಕಟ್ಟಡವನ್ನು ಹಂಚಿ ಹಾಳು ಮಾಡದೆ ಅದರ ಬಾಡಿಗೆ ಎಲ್ಲರಿಗೂ ಸಿಗಲಿ ಎನ್ನುವವರಿಗೂ ಇದು ಸರಿ.

ವಿಶೇಷ ಅಗತ್ಯದ ಮಗು ಇರುವವರಿಗೆ ಇನ್ನೊಂದು ಮಾತು. ಟ್ರಸ್ಟಿ ಅಂದರೆ ಪೋಷಕರಲ್ಲ. ಟ್ರಸ್ಟಿ ಆಸ್ತಿ ನೋಡಿಕೊಳ್ಳುತ್ತಾರೆ, ಮಗುವಿನ ಪರವಾಗಿ ಬೇರೆ ತೀರ್ಮಾನ ತೆಗೆದುಕೊಳ್ಳುವ ಹಕ್ಕು ಅವರಿಗಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹು ಅಂಗವೈಕಲ್ಯ ಇರುವವರಿಗೆ 18 ತುಂಬಿದ ಮೇಲೆ ಕಾನೂನುಬದ್ಧ ಪೋಷಕರನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಸ್ಥಳೀಯ ಸಮಿತಿ ನೇಮಿಸುತ್ತದೆ. ಆ ಕೆಲಸವನ್ನು ಟ್ರಸ್ಟ್ ಜೊತೆಜೊತೆಗೇ ಮಾಡಿಸಿ.

## ಹಂತ 2: ಆಸ್ತಿ ಪೂರ್ತಿ ನಿಮ್ಮದೇನಾ ನೋಡಿ

ನಿಮ್ಮದಲ್ಲದ್ದನ್ನು ಟ್ರಸ್ಟ್‌ಗೆ ಕೊಡಲಾಗದು. ಕೇಳಲು ಸರಳ. ಆದರೆ ವರ್ಷಗಳ ನಂತರ ಕೋರ್ಟಿಗೆ ಹೋಗುವ ಜಗಳ ಹುಟ್ಟುವುದು ಇಲ್ಲೇ.

ಸ್ವಯಾರ್ಜಿತ ಆಸ್ತಿಯಾದರೆ ತೊಂದರೆ ಕಡಿಮೆ. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಾದರೆ ಅದರಲ್ಲಿ ಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಇರುತ್ತದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು. ಪಾಲಾಗದ ಕುಟುಂಬದ ಆಸ್ತಿಯನ್ನು ಅಪ್ಪ ಒಬ್ಬರೇ ಸಹಿ ಹಾಕಿ ಟ್ರಸ್ಟ್‌ಗೆ ಕೊಟ್ಟರೆ ಅದು ನಿಲ್ಲುವುದಿಲ್ಲ. ಮೊದಲು ನೋಂದಾಯಿತ ವಿಭಾಗ ಪತ್ರ ಮಾಡಿಕೊಳ್ಳಿ, ನಿಮ್ಮ ಪಾಲಿಗೆ ಬಂದದ್ದನ್ನು ಮಾತ್ರ ಮುಂದಕ್ಕೆ ಕೊಡಿ. ಆ ಪಾಲಿನಲ್ಲೂ ನಿಮ್ಮ ಮಕ್ಕಳ ಹಕ್ಕು ಉಳಿಯುತ್ತದಾ ಎಂದು ವಕೀಲರಿಂದ ಬರವಣಿಗೆಯಲ್ಲಿ ಅಭಿಪ್ರಾಯ ತೆಗೆದುಕೊಳ್ಳಿ.

ಇಸಿ ತೆಗೆಸಿ. ಹಿಂದಿನ ವ್ಯವಹಾರ, ಸಾಲ, ಅಡಮಾನ ಇದ್ದರೆ ನಮೂನೆ 15ರಲ್ಲಿ ಬರುತ್ತದೆ. ಏನೂ ಇಲ್ಲದಿದ್ದರೆ ನಮೂನೆ 16. ಅಡಮಾನದಲ್ಲಿರುವ ಆಸ್ತಿಯನ್ನು ಬ್ಯಾಂಕಿಗೆ ಹೇಳದೆ ವರ್ಗಾಯಿಸಿದರೆ ಸಾಲದ ಕರಾರು ಮುರಿದಂತಾಗುತ್ತದೆ.

ಜಮೀನು ಸರ್ಕಾರದಿಂದ ಮಂಜೂರಾದದ್ದಾ ಎಂದೂ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು 1978ರ ಕರ್ನಾಟಕ ಕಾಯ್ದೆಯ ಪ್ರಕಾರ ಸರ್ಕಾರದ ಪೂರ್ವಾನುಮತಿ ಇಲ್ಲದೆ ಯಾರಿಗೂ ವರ್ಗಾಯಿಸುವಂತಿಲ್ಲ. ಪ್ರಾಧಿಕಾರಗಳು ಹಂಚಿದ ನಿವೇಶನಗಳಿಗೂ ಇಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಇರಬಹುದು. ಹಂಚಿಕೆ ಪತ್ರವನ್ನು ಪೂರ್ತಿ ಓದಿ.

ಇನ್ನು, ಸಾಲದಿಂದ ತಪ್ಪಿಸಿಕೊಳ್ಳಲು ಟ್ರಸ್ಟ್ ಮಾಡುವ ಯೋಚನೆ. ಇದನ್ನು ಬಿಟ್ಟುಬಿಡಿ. ಸಾಲ ಕೊಟ್ಟವರನ್ನು ವಂಚಿಸುವ ಉದ್ದೇಶದ ವರ್ಗಾವಣೆಯನ್ನು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಸೆಕ್ಷನ್ 53ರ ಕೆಳಗೆ ಕೋರ್ಟ್ ತೆಗೆದುಹಾಕಬಹುದು. ಕಂತು ನಿಂತ ಮೇಲೆ, ನೋಟಿಸ್ ಬಂದ ಮೇಲೆ ಮಾಡಿದ ಟ್ರಸ್ಟ್ ರಕ್ಷಣೆ ಕೊಡುವುದಿಲ್ಲ. ಸಾಲದ ಗಲಾಟೆ ಇಲ್ಲದ ಕಾಲದಲ್ಲಿ, ಉಳಿದ ಆಸ್ತಿಯಿಂದ ಸಾಲ ತೀರಿಸುವ ಶಕ್ತಿ ಇರುವಾಗ ಮಾಡಿದ್ದು ಮಾತ್ರ ಗಟ್ಟಿಯಾಗಿ ನಿಲ್ಲುತ್ತದೆ.

## ಹಂತ 3: ಫಲಾನುಭವಿಗಳು ಯಾರು, ಪಾಲು ಎಷ್ಟು

‘ನನ್ನ ಕುಟುಂಬದವರು’ ಎಂದು ಬರೆದರೆ ಸಾಲದು. ಯಾರು ಎಂಬುದು ಪತ್ರ ಓದಿದವರಿಗೆ ಗೊತ್ತಾಗಬೇಕು. ಹೆಸರು, ಹುಟ್ಟಿದ ದಿನ, ನಿಮಗೆ ಏನಾಗಬೇಕು, ಮೂರನ್ನೂ ಬರೆಯಿರಿ. ಒಬ್ಬರು ತೀರಿಕೊಂಡರೆ ಅವರ ಪಾಲು ಅವರ ಮಕ್ಕಳಿಗೋ, ಉಳಿದ ಫಲಾನುಭವಿಗಳಿಗೋ ಎಂದು ಈಗಲೇ ಹೇಳಿ.

ಆಮೇಲೆ ದೊಡ್ಡ ತೀರ್ಮಾನ. ಪಾಲು ಗೊತ್ತುಪಡಿಸುತ್ತೀರಾ, ಅಥವಾ ಟ್ರಸ್ಟಿಗಳ ವಿವೇಚನೆಗೆ ಬಿಡುತ್ತೀರಾ?

ಪಾಲು ಗೊತ್ತುಪಡಿಸಿದರೆ (ಮಗಳಿಗೆ ಅರ್ಧ, ಮಗನಿಗೆ ಅರ್ಧ ಎಂಬ ಹಾಗೆ) ಆದಾಯಕ್ಕೆ ಆಯಾ ಫಲಾನುಭವಿಯ ಸ್ಲ್ಯಾಬ್ ಪ್ರಕಾರ ತೆರಿಗೆ. ಟ್ರಸ್ಟಿಗಳ ಮೂಲಕ ಕಟ್ಟಿದರೂ ಲೆಕ್ಕ ಫಲಾನುಭವಿಯದ್ದೇ. ವಿವೇಚನೆಗೆ ಬಿಟ್ಟರೆ ಸಾಮಾನ್ಯವಾಗಿ ಪೂರ್ತಿ ಆದಾಯಕ್ಕೆ ಅತಿ ಹೆಚ್ಚಿನ ದರದ ತೆರಿಗೆ. ಕೆಲವು ವಿನಾಯಿತಿಗಳಿವೆ, ಮುಖ್ಯವಾಗಿ ಉಯಿಲಿನಿಂದ ಆದ ಒಂದೇ ಒಂದು ಟ್ರಸ್ಟ್‌ಗೆ.

ಹಾಗಂತ ವಿವೇಚನೆಯ ಟ್ರಸ್ಟ್ ಕೆಟ್ಟದ್ದೇನೂ ಅಲ್ಲ. ದುಡ್ಡು ಕೈಗೆ ಸಿಕ್ಕರೆ ಕಳೆದುಕೊಳ್ಳುವ ಮಗ ಇದ್ದರೆ, ಇಷ್ಟೇ ಪಾಲು ಎಂದು ಬರೆಯದಿರುವುದೇ ಅವನಿಗೆ ರಕ್ಷಣೆ. ಅವನಿಗೆ ಸಾಲ ಕೊಟ್ಟವರು ‘ಇದು ಅವನ ಪಾಲು, ನಮಗೆ ಕೊಡಿ’ ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಜಾಸ್ತಿ ತೆರಿಗೆ ಆ ರಕ್ಷಣೆಗೆ ಕೊಡುವ ಬೆಲೆ ಎಂದು ತಿಳಿಯಿರಿ. ನನ್ನ ಅಭಿಪ್ರಾಯ ಕೇಳಿದರೆ, ಅಂಥ ಕಾರಣ ಇಲ್ಲದವರು ಪಾಲು ಗೊತ್ತುಪಡಿಸುವುದೇ ಲೇಸು.

ಇಲ್ಲೊಂದು ಗುಂಡಿ ಇದೆ. ಟ್ರಸ್ಟ್‌ಗೆ ಉಚಿತವಾಗಿ ಬಂದ ಆಸ್ತಿಯೇ ಆದಾಯವೆಂದು ಲೆಕ್ಕವಾಗಿ ಅದಕ್ಕೆ ತೆರಿಗೆ ಬೀಳಬಹುದು. ಟ್ರಸ್ಟ್ ಸೆಟ್ಲರ್‌ನ ‘ಸಂಬಂಧಿಕರ’ ಅನುಕೂಲಕ್ಕೆ ಮಾತ್ರ ಇದ್ದರೆ ವಿನಾಯಿತಿ. ಆ ಪಟ್ಟಿಯಲ್ಲಿ ಗಂಡ ಅಥವಾ ಹೆಂಡತಿ, ಒಡಹುಟ್ಟಿದವರು, ಮಕ್ಕಳು, ಮೊಮ್ಮಕ್ಕಳು, ಸೊಸೆ, ಅಳಿಯ ಬರುತ್ತಾರೆ. ಆದರೆ ಅಣ್ಣತಮ್ಮಂದಿರ, ಅಕ್ಕತಂಗಿಯರ ಮಕ್ಕಳು ಬರುವುದಿಲ್ಲ. ಚಿಕ್ಕಪ್ಪ ನೇರವಾಗಿ ಅಣ್ಣನ ಮಗನಿಗೆ ದಾನ ಕೊಟ್ಟರೆ ತೆರಿಗೆ ಇಲ್ಲ, ಏಕೆಂದರೆ ಅಲ್ಲಿ ಪಡೆಯುವವನ ಕಡೆಯಿಂದ ಸಂಬಂಧ ನೋಡುತ್ತಾರೆ. ಅದೇ ಚಿಕ್ಕಪ್ಪ ಅಣ್ಣನ ಮಗನಿಗಾಗಿ ಟ್ರಸ್ಟ್ ಮಾಡಿದರೆ ಕೊಡುವವರ ಕಡೆಯಿಂದ ನೋಡುತ್ತಾರೆ, ವಿನಾಯಿತಿ ಕೈತಪ್ಪುತ್ತದೆ. ‘ಮಾತ್ರ’ ಎಂಬ ಮಾತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಪಟ್ಟಿಯ ಹೊರಗಿನ ಒಬ್ಬರ ಹೆಸರು ಸೇರಿದರೂ ಪೂರ್ತಿ ಟ್ರಸ್ಟ್‌ನ ವಿನಾಯಿತಿಗೆ ಕುತ್ತು.

## ಹಂತ 4: ಟ್ರಸ್ಟಿಗಳನ್ನು ಆರಿಸಿ

ಕನಿಷ್ಠ ಇಬ್ಬರು ಇರಲಿ, ಮೂವರಿದ್ದರೆ ಇನ್ನೂ ಒಳ್ಳೆಯದು. ಒಬ್ಬರಾದರೂ ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ. ಟ್ರಸ್ಟ್ ನಿಮ್ಮ ನಂತರವೂ ನಡೆಯಬೇಕು. ಒಬ್ಬರಾದರೂ ಫಲಾನುಭವಿ ಅಲ್ಲದವರಾಗಿರಲಿ.

ಟ್ರಸ್ಟಿ ಆಗುವುದು ಗೌರವದ ಹುದ್ದೆ ಎಂದುಕೊಂಡು ಒಪ್ಪುವವರಿದ್ದಾರೆ. ಒಪ್ಪುವ ಮೊದಲು ಅವರಿಗೆ ಈ ವಿಷಯಗಳನ್ನು ಹೇಳಿ. ಒಮ್ಮೆ ಒಪ್ಪಿದ ಮೇಲೆ ಸುಮ್ನೆ ರಾಜೀನಾಮೆ ಕೊಟ್ಟು ಹೋಗಲಾಗದು. ಕೋರ್ಟಿನ ಅನುಮತಿ, ಅಥವಾ ವಯಸ್ಕ ಫಲಾನುಭವಿಗಳ ಒಪ್ಪಿಗೆ, ಅಥವಾ ಪತ್ರದಲ್ಲೇ ಅವಕಾಶ ಇರಬೇಕು. ಪತ್ರದಲ್ಲಿ ಬರೆಯದಿದ್ದರೆ ಸಂಭಾವನೆ ಇಲ್ಲ. ಕೆಲಸವನ್ನು ಬೇರೆಯವರಿಗೆ ವಹಿಸಿ ಕೂರುವಂತಿಲ್ಲ. ತಪ್ಪು ಮಾಡಿ ಟ್ರಸ್ಟ್‌ಗೆ ನಷ್ಟವಾದರೆ ಕೈಯಿಂದ ತುಂಬಿಕೊಡಬೇಕು. ಮಾರುವ ಅಧಿಕಾರವಿರುವ ಟ್ರಸ್ಟಿ ಆ ಆಸ್ತಿಯನ್ನು ತಾನೇ ಕೊಂಡುಕೊಳ್ಳುವಂತಿಲ್ಲ.

ಸೆಟ್ಲರ್ ತಾನೇ ಟ್ರಸ್ಟಿ ಆಗಬಹುದಾ? ಟ್ರಸ್ಟ್ ಕಾಯ್ದೆಯ ಪ್ರಕಾರ ಆಗಬಹುದು. ಆದರೆ ಒಬ್ಬರೇ ಟ್ರಸ್ಟಿಯಾಗಿ, ಯಾರಿಗೆ ಎಷ್ಟು ಎಂಬ ತೀರ್ಮಾನವೂ ಅವರದ್ದೇ ಆದರೆ, ಆಸ್ತಿ ಅವರ ಕೈ ಬಿಟ್ಟೇ ಇಲ್ಲ ಎಂಬ ಪ್ರಶ್ನೆ ಏಳುತ್ತದೆ. ಇರಲೇಬೇಕು ಎಂದಿದ್ದರೆ ಮೂವರಲ್ಲಿ ಒಬ್ಬರಾಗಿ ಇರಿ, ನಿಮ್ಮ ಒಂದು ಮಾತಿನಿಂದ ಏನೂ ಆಗದ ಹಾಗೆ ಬರೆಸಿ.

## ಹಂತ 5: ಪತ್ರ ಬರೆಸಿ, ಒಂದೊಂದು ಸಾಲೂ ಓದಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಬೇರೆಯವರ ಪತ್ರದ ನಕಲಿಗೆ ಹೆಸರು ಬದಲಾಯಿಸಿ ಕೊಡುವವರ ಹತ್ತಿರ ಹೋಗಬೇಡಿ.

ಕಾಯ್ದೆಯ ಸೆಕ್ಷನ್ 6ರ ಪ್ರಕಾರ ನಾಲ್ಕು ವಿಷಯ ಅನುಮಾನಕ್ಕೆ ಎಡೆಯಿಲ್ಲದಂತೆ ಇರಬೇಕು: ಟ್ರಸ್ಟ್ ಮಾಡುವ ಇರಾದೆ, ಅದರ ಉದ್ದೇಶ, ಫಲಾನುಭವಿಗಳು, ಆಸ್ತಿ. ಇದರ ಮೇಲೆ, ಆಸ್ತಿಯನ್ನು ಟ್ರಸ್ಟಿಗಳಿಗೆ ವರ್ಗಾಯಿಸಿರಬೇಕು. ‘ಮುಂದೆ ವರ್ಗಾಯಿಸುತ್ತೇನೆ’ ಎಂದರೆ ಅದು ಬರೀ ಮಾತು. ‘ಈ ಪತ್ರದ ಮೂಲಕ ವರ್ಗಾಯಿಸಿದ್ದೇನೆ, ಸ್ವಾಧೀನ ಕೊಟ್ಟಿದ್ದೇನೆ’ ಎಂದಿರಬೇಕು. ಪತ್ರದಲ್ಲಿ ಆಸ್ತಿಯ ವಿವರ ಬರುವ ಷೆಡ್ಯೂಲಿನಲ್ಲಿ ಸರ್ವೆ ನಂಬರ್ ಅಥವಾ ಖಾತಾ ನಂಬರ್, ಅಳತೆ, ನಾಲ್ಕೂ ದಿಕ್ಕಿನ ಚೆಕ್ಕುಬಂದಿ ಸರಿಯಾಗಿ ಬರಬೇಕು.

### ರದ್ದು ಮಾಡಲಾಗದ್ದನ್ನು ಒಳಗಿನಿಂದ ಕೆಡಿಸುವ ಸಾಲುಗಳು

ಕರಡು ಕೈಗೆ ಬಂದಾಗ ಕೆಂಪು ಪೆನ್ ಹಿಡಿದು ಇವನ್ನು ಹುಡುಕಿ:

- ಆಸ್ತಿಯನ್ನಾಗಲಿ ಅದರ ಒಂದು ಭಾಗವನ್ನಾಗಲಿ ಸೆಟ್ಲರ್‌ಗೆ ವಾಪಸ್ ಕೊಡುವ ಅವಕಾಶ.
- ಆದಾಯದ ಮೇಲೆ ಸೆಟ್ಲರ್‌ಗೆ ಮತ್ತೆ ಅಧಿಕಾರ ಬರುವ ಷರತ್ತು.
- ಸೆಟ್ಲರ್ ಯಾವಾಗ ಬೇಕಾದರೂ ಫಲಾನುಭವಿಗಳನ್ನು ಬದಲಾಯಿಸಬಹುದು ಎಂಬ ಮಾತು.
- ಟ್ರಸ್ಟ್ ಮುಗಿದಾಗ ಉಳಿದದ್ದು ಸೆಟ್ಲರ್‌ಗೆ ಸೇರುತ್ತದೆ ಎಂಬ ಮಾತು.
- ಫಲಾನುಭವಿಗಳ ಪಟ್ಟಿಯಲ್ಲಿ ಸೆಟ್ಲರ್‌ನ ಹೆಸರೇ ಇರುವುದು.

ಆಸ್ತಿ ಅಥವಾ ಆದಾಯ ನೇರವಾಗಿ ಆಗಲಿ ಸುತ್ತುಬಳಸಿ ಆಗಲಿ ಕೊಟ್ಟವರಿಗೆ ಮರಳುವ ದಾರಿ ಇದ್ದರೆ, ತೆರಿಗೆ ಕಾನೂನು ಅದನ್ನು ರದ್ದು ಮಾಡಬಹುದಾದ ವರ್ಗಾವಣೆ ಎಂದೇ ನೋಡುತ್ತದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸೆಕ್ಷನ್ 61ರಿಂದ 63ರವರೆಗೆ ಇತ್ತು. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದ 2025ರ ಕಾಯ್ದೆಯಲ್ಲಿ ಸೆಕ್ಷನ್ ನಂಬರ್‌ಗಳು ಬದಲಾಗಿವೆ, ಹಾಗಾಗಿ ಹಳೆಯ ನಂಬರ್ ಹಾಕಿದ ಕರಡು ಬಂದರೆ ತಿದ್ದಿಸಿ. ಪರಿಣಾಮ ಏನು? ಟ್ರಸ್ಟ್‌ನ ಆದಾಯ ನಿಮ್ಮ ಆದಾಯಕ್ಕೇ ಸೇರುತ್ತದೆ. ಆಸ್ತಿ ಕೈಯಲ್ಲಿಲ್ಲ, ತೆರಿಗೆ ಮಾತ್ರ ನಿಮ್ಮದು.

ವಾಸದ ಮನೆಯನ್ನೇ ಟ್ರಸ್ಟ್‌ಗೆ ಹಾಕಿ ಅಲ್ಲೇ ಬಾಡಿಗೆಯಿಲ್ಲದೆ ಇರುವವರು ಇದೇ ಬಲೆಗೆ ಬೀಳುತ್ತಾರೆ. ಸಾಧ್ಯವಾದರೆ ವಾಸದ ಮನೆಯನ್ನು ಹೊರಗಿಡಿ. ಇಲ್ಲವಾದರೆ ಟ್ರಸ್ಟಿಗಳ ಜೊತೆ ಲಿಖಿತ ಕರಾರು ಮಾಡಿಕೊಂಡು, ಊರಲ್ಲಿ ನಡೆಯುವ ದರದ ಬಾಡಿಗೆ ಕೊಟ್ಟು ಇರಿ.

### ಪತ್ರದಲ್ಲಿ ಇರಲೇಬೇಕಾದ ಅಧಿಕಾರಗಳು

ಜನ ಬಿಟ್ಟುಬಿಡುವುದು ಇವನ್ನೇ. ಪತ್ರದಲ್ಲಿ ಅಧಿಕಾರ ಕೊಡದಿದ್ದರೆ ಟ್ರಸ್ಟಿಗಳು ಆಸ್ತಿ ಮಾರಲಾಗದೆ ಕೈಕಟ್ಟಿ ಕೂರುತ್ತಾರೆ. ಕೋರ್ಟಿನ ಅನುಮತಿ ಇಲ್ಲದೆ 21 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಕೊಡಲು ಕಾಯ್ದೆ ಬಿಡುವುದಿಲ್ಲ. ಮಾರಾಟ, ಗುತ್ತಿಗೆ, ರಿಪೇರಿ, ಸಾಲ, ಹೂಡಿಕೆ ಒಂದೊಂದಕ್ಕೂ ಅಧಿಕಾರ ಮತ್ತು ಮಿತಿ ಎರಡನ್ನೂ ಬರೆಸಿ. ಮಾರಿ ಬಂದ ಹಣ ಎಲ್ಲಿ ಹೂಡಬಹುದು ಎಂಬುದೂ ಇರಲಿ.

ಸಹಟ್ರಸ್ಟಿಗಳು ಎಲ್ಲರೂ ಸೇರಿ ಕೆಲಸ ಮಾಡಬೇಕು ಎಂಬುದು ಕಾಯ್ದೆಯ ನಿಯಮ. ಮೂವರಲ್ಲಿ ಇಬ್ಬರ ಬಹುಮತ ಸಾಕು ಎಂದು ಬೇಕಾದರೆ ಅದನ್ನು ಬರೆಯಬೇಕು. ಬರೆಯದಿದ್ದರೆ ಹೊರದೇಶದಲ್ಲಿರುವ ಒಬ್ಬರ ಸಹಿಗಾಗಿ ಎಲ್ಲ ನಿಲ್ಲುತ್ತದೆ.

ಟ್ರಸ್ಟಿ ತೀರಿಕೊಂಡರೆ, ಕೈಲಾಗದಿದ್ದರೆ, ಬಿಡಬೇಕೆಂದರೆ ಹೊಸಬರನ್ನು ಯಾರು, ಹೇಗೆ ನೇಮಿಸಬೇಕು? ಟ್ರಸ್ಟಿ ತಪ್ಪು ಮಾಡಿದರೆ ತೆಗೆಯುವವರು ಯಾರು? ಎರಡಕ್ಕೂ ಉತ್ತರ ಪತ್ರದಲ್ಲಿರಲಿ.

ವಿವಾದ ಬಂದರೆ ಮಧ್ಯಸ್ಥಿಕೆದಾರರೇ ತೀರ್ಪು ಕೊಡುತ್ತಾರೆ ಎಂಬ ಷರತ್ತನ್ನು ನಂಬಿ ಕೂರಬೇಡಿ. ಟ್ರಸ್ಟ್ ಪತ್ರದಿಂದ ಏಳುವ ವಿವಾದಗಳಿಗೆ ಟ್ರಸ್ಟ್ ಕಾಯ್ದೆಯಲ್ಲೇ ದಾರಿ ಇರುವುದರಿಂದ ಅವು ಮಧ್ಯಸ್ಥಿಕೆಗೆ ಹೋಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ. ಆ ಸಾಲು ಈಗಲೂ ಕರಡುಗಳಲ್ಲಿ ಬರುತ್ತಲೇ ಇದೆ.

### ಎಷ್ಟು ಕಾಲ

ಖಾಸಗಿ ಟ್ರಸ್ಟ್‌ನಲ್ಲಿ ಆಸ್ತಿಯನ್ನು ಶಾಶ್ವತವಾಗಿ ಕಟ್ಟಿಹಾಕಲಾಗದು. ಈಗ ಬದುಕಿರುವವರ ಜೀವಮಾನ, ಅದರ ಮೇಲೆ ಮುಂದಿನವರಿಗೆ 18 ತುಂಬುವವರೆಗಿನ ಅವಧಿ, ಅಷ್ಟರೊಳಗೆ ಆಸ್ತಿಯ ಹಕ್ಕು ಯಾರಿಗಾದರೂ ಸೇರಲೇಬೇಕು. ‘ವಂಶಪಾರಂಪರ್ಯವಾಗಿ ಎಂದೆಂದಿಗೂ’ ಎಂಬ ಮಾತು ಕಂಡರೆ ಹೊಡೆದುಹಾಕಿ. ಕಿರಿಯ ಮಗುವಿಗೆ 25 ಆದಾಗ, ಅಥವಾ ಇಂಥವರ ಜೀವಿತಾವಧಿಯ ನಂತರ, ಎಂದು ನಿಖರವಾಗಿ ಹೇಳಿ.

## ಹಂತ 6: ಸಹಿಗೆ ಮೊದಲು ಖರ್ಚಿನ ಲೆಕ್ಕ

ಮುದ್ರಾಂಕ ಶುಲ್ಕ ರಾಜ್ಯಕ್ಕೊಂದು ತರಹ. ಕರ್ನಾಟಕದಲ್ಲಿ ಕುಟುಂಬದವರ ನಡುವಿನ ದಾನ ಪತ್ರಕ್ಕೆ ರಿಯಾಯಿತಿ ಇದೆ. ಅದೇ ರಿಯಾಯಿತಿ ಟ್ರಸ್ಟ್‌ಗೂ ಸಿಗುತ್ತದೆ ಎಂದು ತಾವೇ ಅಂದುಕೊಂಡು ಹೋದವರು ಕೌಂಟರ್ ಮುಂದೆ ಬೆಚ್ಚಿಬೀಳುತ್ತಾರೆ. ಆಸ್ತಿ ಹೋಗುತ್ತಿರುವುದು ಟ್ರಸ್ಟಿಗಳ ಹೆಸರಿಗೆ, ಮಗಳ ಹೆಸರಿಗಲ್ಲ. ಕರಡನ್ನು ಉಪನೋಂದಣಿ ಕಚೇರಿಯಲ್ಲಿ ಮೊದಲೇ ತೋರಿಸಿ, ಯಾವ ವಿಧಿಯ ಕೆಳಗೆ ಎಷ್ಟು ಶುಲ್ಕ ಎಂದು ಕೇಳಿಕೊಳ್ಳಿ.

ಬಂಡವಾಳ ಲಾಭದ ತೆರಿಗೆ ಬೀಳುತ್ತದಾ? ವ್ಯಕ್ತಿ ಅಥವಾ ಹಿಂದೂ ಅವಿಭಕ್ತ ಕುಟುಂಬ ರದ್ದು ಮಾಡಲಾಗದ ಟ್ರಸ್ಟ್‌ಗೆ ಕೊಟ್ಟರೆ ಅದನ್ನು ಮಾರಾಟದಂತೆ ಲೆಕ್ಕ ಹಿಡಿಯುವುದಿಲ್ಲ. ಮುಂದೆ ಟ್ರಸ್ಟಿಗಳು ಮಾರಿದಾಗ ನೀವು ಕೊಂಡ ಬೆಲೆಯೇ ಅವರ ಬೆಲೆ. ಆದ್ದರಿಂದ ಹಳೆಯ ಕ್ರಯಪತ್ರ, ಕಟ್ಟಡ ಕಟ್ಟಿಸಿದ ಬಿಲ್ಲುಗಳನ್ನು ಟ್ರಸ್ಟಿಗಳಿಗೆ ಒಪ್ಪಿಸಿ.

ಹೆಂಡತಿ, ಗಂಡ ಅಥವಾ ಸೊಸೆಯ ಅನುಕೂಲಕ್ಕೆ ಕೊಟ್ಟ ಆಸ್ತಿಯ ಆದಾಯ ಕೊಟ್ಟವರ ಲೆಕ್ಕಕ್ಕೇ ಸೇರುತ್ತದೆ, ಟ್ರಸ್ಟ್ ರದ್ದು ಮಾಡಲಾಗದ್ದೇ ಆದರೂ. ಅಪ್ರಾಪ್ತ ಮಕ್ಕಳ ಆದಾಯ ತಂದೆ ಅಥವಾ ತಾಯಿಯ ಆದಾಯಕ್ಕೆ ಸೇರುವ ನಿಯಮವೂ ಇದೆ. ಅಂಗವೈಕಲ್ಯವಿರುವ ಮಗುವಿಗೆ ಅದರಿಂದ ವಿನಾಯಿತಿ ಇದೆ. ತೆರಿಗೆ ಉಳಿಸುವುದೊಂದೇ ಗುರಿಯಾಗಿದ್ದರೆ ಈ ಟ್ರಸ್ಟ್ ನಿಮಗೆ ಬೇಡ.

## ಹಂತ 7: ಸಹಿ ಮತ್ತು ನೋಂದಣಿ

ಸ್ಥಿರಾಸ್ತಿಯ ಟ್ರಸ್ಟ್‌ಗೆ ಟ್ರಸ್ಟ್ ಕಾಯ್ದೆಯ ಸೆಕ್ಷನ್ 5ರ ಪ್ರಕಾರ ಲಿಖಿತ, ಸಹಿ ಮಾಡಿದ, ನೋಂದಾಯಿತ ಪತ್ರ ಬೇಕೇ ಬೇಕು (ಉಯಿಲು ಬಿಟ್ಟರೆ). ನೋಟರಿ ಮುಂದೆ ಮಾಡಿಸಿದ್ದು ಸಾಲದು. ಈ ಒಂದು ತಪ್ಪು ಎಲ್ಲಕ್ಕಿಂತ ಹೆಚ್ಚು ನೋವು ಕೊಡುತ್ತದೆ. ಎಲ್ಲ ಸರಿ ಇದ್ದು, ಕೊಟ್ಟವರು ತೀರಿಕೊಂಡ ಮೇಲೆ ನೋಟರಿ ಪತ್ರ ಹಿಡಿದು ಬಂದ ಮಕ್ಕಳಿಗೆ ಟ್ರಸ್ಟ್ ಇರುವುದೇ ಇಲ್ಲ.

ಕ್ರಮ ಹೀಗಿರಲಿ:

1. ಇ-ಖಾತಾ ಮೊದಲೇ ಮಾಡಿಸಿ. ಗ್ರಾಮ ಪಂಚಾಯಿತಿ ಆಸ್ತಿಯಾದರೆ ಇ-ಸ್ವತ್ತು ದಾಖಲೆ.
2. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ವಿವರ ಮತ್ತು ಕರಡು ಹಾಕಿ, ಶುಲ್ಕ ಕಟ್ಟಿ, ದಿನ ಗೊತ್ತುಮಾಡಿಕೊಳ್ಳಿ.
3. ಸೆಟ್ಲರ್, ಒಪ್ಪಿಕೊಳ್ಳುವ ಎಲ್ಲ ಟ್ರಸ್ಟಿಗಳು, ಇಬ್ಬರು ಸಾಕ್ಷಿಗಳು ಸಹಿ ಹಾಕಲಿ. ಫಲಾನುಭವಿಗಳನ್ನು ಸಾಕ್ಷಿ ಮಾಡಬೇಡಿ.
4. ಸಹಿಯಾದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ತಡವಾದರೆ ದಂಡ ಕಟ್ಟಿ ಇನ್ನೂ 4 ತಿಂಗಳವರೆಗೆ ಅವಕಾಶ ಕೇಳಬಹುದು. ಅಲ್ಲಿಯವರೆಗೂ ಎಳೆಯಬೇಡಿ.

ಸೆಟ್ಲರ್ ವಯಸ್ಸಾದವರಾಗಿದ್ದರೆ ಆ ದಿನಗಳಲ್ಲೇ ವೈದ್ಯರಿಂದ ಮಾನಸಿಕ ಆರೋಗ್ಯದ ಪ್ರಮಾಣಪತ್ರ ತೆಗೆದಿಡಿ. ಮುಂದೆ ‘ಅಪ್ಪನಿಗೆ ಅರಿವಿರಲಿಲ್ಲ’ ಎಂಬ ತಕರಾರಿಗೆ ಅದು ಉತ್ತರ.

## ಹಂತ 8: ನೋಂದಣಿಯ ನಂತರದ ಕೆಲಸ ಬಿಡಬೇಡಿ

ನೋಂದಣಿ ಆಯಿತೆಂದು ಸಿಹಿ ಹಂಚಿ ಮರೆತುಬಿಡುವವರೇ ಹೆಚ್ಚು. ಟ್ರಸ್ಟ್ ಹೆಸರಿನಲ್ಲಿ ಪ್ಯಾನ್ ಮಾಡಿಸಿ. ಟ್ರಸ್ಟ್‌ಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಆಸ್ತಿಯ ಖಾತಾ ಬದಲಾವಣೆಗೆ ಅರ್ಜಿ ಹಾಕಿ, ಕೃಷಿ ಜಮೀನಾದರೆ ಪಹಣಿಯಲ್ಲೂ ಟ್ರಸ್ಟಿಗಳ ಹೆಸರು ಬರಬೇಕು. ಬಾಡಿಗೆದಾರರಿಗೆ ಲಿಖಿತ ನೋಟಿಸ್ ಕೊಟ್ಟು, ಮುಂದಿನ ತಿಂಗಳಿಂದ ಬಾಡಿಗೆ ಟ್ರಸ್ಟ್ ಖಾತೆಗೆ ಹಾಕಲು ಹೇಳಿ, ಕರಾರನ್ನು ಟ್ರಸ್ಟಿಗಳ ಹೆಸರಿಗೆ ಹೊಸದಾಗಿ ಬರೆಸಿ. ವಿದ್ಯುತ್, ನೀರು, ವಿಮೆ, ಆಸ್ತಿ ತೆರಿಗೆ ಎಲ್ಲದರಲ್ಲೂ ಹೆಸರು ಬದಲಾಗಲಿ. ಮೂಲ ಪತ್ರಗಳು ಟ್ರಸ್ಟಿಗಳ ವಶಕ್ಕೆ ಹೋಗಲಿ, ಪಡೆದದ್ದಕ್ಕೆ ಸಹಿ ಇರಲಿ.

ಇಷ್ಟೂ ಆದಾಗಲೇ ಆಸ್ತಿ ನಿಜವಾಗಿ ಕೈ ಬದಲಾಯಿಸಿದೆ ಎಂದು ಯಾರ ಮುಂದೆಯೂ ತೋರಿಸಬಹುದು.

## ಹಂತ 9: ವರ್ಷವರ್ಷ ನಡೆಸುವುದು

ಸಾಮಾನ್ಯ ಬುದ್ಧಿಯ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ಟ್ರಸ್ಟಿ ಟ್ರಸ್ಟ್ ಆಸ್ತಿಯನ್ನು ನೋಡಿಕೊಳ್ಳಬೇಕು. ಲೆಕ್ಕ ಸ್ಪಷ್ಟವಾಗಿ ಬರೆದಿಡಬೇಕು. ಫಲಾನುಭವಿ ಕೇಳಿದರೆ ತೋರಿಸಬೇಕು. ಒಬ್ಬರ ಪರ ವಾಲಬಾರದು.

ಪ್ರತಿ ತೀರ್ಮಾನಕ್ಕೂ ಒಂದು ನಡಾವಳಿ ಪುಸ್ತಕ ಇಡಿ. ದಿನಾಂಕ, ಯಾರು ಇದ್ದರು, ಏನು ತೀರ್ಮಾನ, ಏಕೆ, ಎಲ್ಲರ ಸಹಿ. ‘ಏಕೆ’ ಎಂಬುದನ್ನು ಎರಡು ಸಾಲಿನಲ್ಲಾದರೂ ಬರೆಯಿರಿ, ಮುಂದೆ ಪ್ರಶ್ನೆ ಬಂದಾಗ ಟ್ರಸ್ಟಿಯನ್ನು ಕಾಪಾಡುವುದು ಅದೇ. ಕಷ್ಟದ ತೀರ್ಮಾನವಾದರೆ ಟ್ರಸ್ಟಿಗಳು ಸೆಕ್ಷನ್ 34ರ ಕೆಳಗೆ ಕೋರ್ಟಿನ ಸಲಹೆಯನ್ನೇ ಕೇಳಬಹುದು. ಈ ಸೌಲಭ್ಯವನ್ನು ಜನ ಮರೆತೇಬಿಟ್ಟಿದ್ದಾರೆ.

ಟ್ರಸ್ಟ್ ಮೂಲಕ ವ್ಯಾಪಾರ ನಡೆಸಬೇಡಿ. ವ್ಯಾಪಾರದ ಆದಾಯ ಸೇರಿದರೆ ಪಾಲು ಗೊತ್ತಿರುವ ಟ್ರಸ್ಟ್‌ಗೂ ಅತಿ ಹೆಚ್ಚಿನ ದರದ ತೆರಿಗೆ ಬೀಳಬಹುದು. ಬಾಡಿಗೆ ಬೇರೆ, ವ್ಯಾಪಾರ ಬೇರೆ.

## ಎಚ್ಚರಿಕೆಯ ಲಕ್ಷಣಗಳು

ಇವುಗಳಲ್ಲಿ ಯಾವುದಾದರೂ ಕಂಡರೆ ಅವತ್ತೇ ವಕೀಲರ ಬಳಿ ಹೋಗಿ.

ಸೆಟ್ಲರ್ ಟ್ರಸ್ಟ್ ಖಾತೆಯಿಂದ ಮನೆ ಖರ್ಚಿಗೆ ಹಣ ತೆಗೆಯುತ್ತಿದ್ದಾರೆ. ಟ್ರಸ್ಟಿಯ ಸ್ವಂತ ಹಣ ಮತ್ತು ಟ್ರಸ್ಟ್ ಹಣ ಒಂದೇ ಖಾತೆಯಲ್ಲಿ ಬೆರೆತಿದೆ. ಲೆಕ್ಕ ಕೇಳಿದ ಫಲಾನುಭವಿಗೆ ‘ನಮ್ಮ ಮೇಲೆ ನಂಬಿಕೆ ಇಲ್ಲವಾ’ ಎಂಬ ಉತ್ತರ ಬರುತ್ತಿದೆ. ಟ್ರಸ್ಟಿ ತನ್ನ ಬಂಧುವಿಗೆ ಕಡಿಮೆ ಬಾಡಿಗೆಗೆ ಅಂಗಡಿ ಕೊಟ್ಟಿದ್ದಾರೆ. ಖಾಲಿ ಹಾಳೆಗಳ ಮೇಲೆ ಮೊದಲೇ ಸಹಿ ಹಾಕಿಟ್ಟಿದ್ದಾರೆ. ಒಬ್ಬ ಟ್ರಸ್ಟಿ ಉಳಿದವರಿಗೆ ತಿಳಿಸದೆ ಎಲ್ಲ ನಡೆಸುತ್ತಿದ್ದಾರೆ. ಹೀಗಿದ್ದಾಗ ಸುಮ್ಮನಿದ್ದ ಸಹಟ್ರಸ್ಟಿಯೂ ತಪ್ಪಿಸಿಕೊಳ್ಳಲಾಗದು. ಗೊತ್ತಿದ್ದೂ ಸುಮ್ಮನಿದ್ದರೆ ಹೊಣೆ ಅವರ ಮೇಲೂ ಬರುತ್ತದೆ.

ಫಲಾನುಭವಿಗಳಿಗೆ ಟ್ರಸ್ಟ್ ಪತ್ರ ಮತ್ತು ಲೆಕ್ಕಪತ್ರ ನೋಡುವ, ನಕಲು ತೆಗೆದುಕೊಳ್ಳುವ ಹಕ್ಕು ಸೆಕ್ಷನ್ 57ರಲ್ಲಿದೆ. ಮೊದಲು ಪತ್ರ ಬರೆದು ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ಉತ್ತರ ಬಾರದಿದ್ದರೆ ಸಿವಿಲ್ ಕೋರ್ಟಿಗೆ ಹೋಗಬಹುದು.

## ಹಂತ 10: ಮುಗಿಸುವುದು

ಉದ್ದೇಶ ಪೂರ್ತಿಯಾದಾಗ ಟ್ರಸ್ಟ್ ಮುಗಿಯುತ್ತದೆ. ಆದರೆ ಅಷ್ಟರ ಮುಂಚೆಯೂ ಮುಗಿಯಬಹುದು. ಎಲ್ಲ ಫಲಾನುಭವಿಗಳೂ ವಯಸ್ಕರಾಗಿ, ಒಮ್ಮನಸ್ಸಿನಿಂದ ಕೇಳಿದರೆ ಟ್ರಸ್ಟಿಗಳು ಆಸ್ತಿಯನ್ನು ಅವರಿಗೆ ವರ್ಗಾಯಿಸಬೇಕು ಎಂದು ಸೆಕ್ಷನ್ 56 ಹೇಳುತ್ತದೆ. ಅಂದರೆ ‘ರದ್ದು ಮಾಡಲಾಗದ್ದು’ ಎಂಬುದು ಕೊಟ್ಟವರನ್ನು ಕಟ್ಟಿಹಾಕುತ್ತದೆ, ಪಡೆಯುವವರನ್ನು ಅಷ್ಟಾಗಿ ಅಲ್ಲ. ಮಕ್ಕಳು 18 ದಾಟಿದ ಕೂಡಲೇ ಕಟ್ಟಡ ಮಾರಿಬಿಡಬಾರದು ಎಂಬ ಆಸೆ ಇದ್ದರೆ, ಮೊಮ್ಮಕ್ಕಳನ್ನೂ ಫಲಾನುಭವಿಗಳಾಗಿ ಸೇರಿಸುವ ವಿಷಯವನ್ನು ಕರಡಿನ ಹಂತದಲ್ಲೇ ವಕೀಲರ ಜೊತೆ ಮಾತಾಡಿ. ಅಪ್ರಾಪ್ತರು ಒಬ್ಬರಿದ್ದರೂ ಎಲ್ಲರ ಒಪ್ಪಿಗೆ ಪೂರ್ತಿಯಾಗುವುದಿಲ್ಲ.

ಮುಗಿಸುವಾಗ ಮೊದಲು ಬಾಕಿ ತೆರಿಗೆ, ಕಂದಾಯ, ಸಾಲ ತೀರಿಸಿ. ಕೊನೆಯ ಲೆಕ್ಕಪತ್ರಕ್ಕೆ ಎಲ್ಲ ಫಲಾನುಭವಿಗಳ ಸಹಿ ಪಡೆಯಿರಿ. ಆಸ್ತಿಯನ್ನು ನೋಂದಾಯಿತ ಪತ್ರದಿಂದಲೇ ಅವರ ಹೆಸರಿಗೆ ವರ್ಗಾಯಿಸಿ. ಕೊನೆಯ ತೆರಿಗೆ ರಿಟರ್ನ್ ಸಲ್ಲಿಸಿದ ಮೇಲೆಯೇ ಪ್ಯಾನ್ ಒಪ್ಪಿಸಿ. ಬರಬೇಕಾದ ರೀಫಂಡ್ ಇದ್ದರೆ ಅದು ಟ್ರಸ್ಟ್ ಖಾತೆಗೆ ಬಂದು, ಹಂಚಿಕೆಯಾಗುವವರೆಗೆ ಆ ಬ್ಯಾಂಕ್ ಖಾತೆಯನ್ನು ಮುಚ್ಚಬೇಡಿ.